ವಿದ್ಯುತ್ತು ಅಡ್ಜಸ್ಟ್ ಮಾಡಿಕೊಳ್ಳುವುದಿಲ್ಲ

ಕನ್ನಡ ನಾಡಿನ ಬಸ್ಸಿನಲ್ಲಿ ಒಮ್ಮೆಯಾದರೂ ಕುಳಿತವರಿಗೆ ಒಂದು ಮಾತು ಕೇಳಿ ಗೊತ್ತಿರುತ್ತದೆ: 'ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ ಸ್ವಾಮಿ.' ಇಬ್ಬರ ಸೀಟಿನಲ್ಲಿ ಮೂವರು ಕೂಡುತ್ತಾರೆ, ಮೂವರ ಸೀಟಿನಲ್ಲಿ ನಾಲ್ವರು. ಯಾರ ಪ್ರಾಣವೂ ಹೋಗುವುದಿಲ್ಲ. ಸೊಂಟ ಸ್ವಲ್ಪ ನೋಯುತ್ತದೆ, ಅಷ್ಟೆ. ಈ ಮಾತಿನಲ್ಲಿ ಒಂದು ಬಗೆಯ ಸೌಜನ್ಯವಿದೆ. ಅದನ್ನು ಹಳಿಯಲು ನಾನು ಹೊರಟವನಲ್ಲ. ಆದರೆ ಮನುಷ್ಯರ ನಡುವೆ ಸಲ್ಲುವ ಈ ಮಾತನ್ನು ನಾವು ಈಗೀಗ ವಿದ್ಯುತ್ತಿಗೂ ಹೇಳತೊಡಗಿದ್ದೇವೆ. ಹದಿನಾಲ್ಕು ಆಂಪಿಯರಿಗೆ, 'ಆರು ಆಂಪಿಯರಿನ ಜಾಗದಲ್ಲಿ ಸ್ವಲ್ಪ ಅಡ್ಜಸ್ಟ್ ಮಾಡಿಕೊ' ಎನ್ನುತ್ತೇವೆ. ಹೀಗೆ ಹೇಳುವುದಕ್ಕೆ ನಾವು ಬಾಯನ್ನು ಬಳಸುವುದಿಲ್ಲ; ಅಂಗಡಿಯಲ್ಲಿ ನೂರಿನ್ನೂರು ರೂಪಾಯಿಗೆ ಸಿಕ್ಕುವ ಒಂದು ಪ್ಲಾಸ್ಟಿಕ್ ತುಂಡನ್ನು ಬಳಸುತ್ತೇವೆ. ಅದರ ಹೆಸರು ಅಡಾಪ್ಟರ್.

ಈ ತುಂಡಿನ ವಿಷಯಕ್ಕೆ ಇಷ್ಟು ದೊಡ್ಡ ಮಾತೇಕೆ ಎಂದು ವಾಚಕರು ಕೇಳಬಹುದು. ವಿದ್ಯುತ್ ಕಾರು, ವಿದ್ಯುತ್ ಸ್ಕೂಟರುಗಳು ಇಂದು ಬೆಂಗಳೂರಿನ ಬೀದಿಗಳನ್ನು ದಾಟಿ ಜಿಲ್ಲೆಗಳಿಗೆ, ತಾಲ್ಲೂಕುಗಳಿಗೆ ಬಂದಿವೆ. ಅವು ಬಂದದ್ದು ಒಳ್ಳೆಯದೇ. ಆದರೆ ಅವುಗಳಿಗೆ ವಿದ್ಯುತ್ತು ತುಂಬುವ ಬಾಯಿ ಒಂದೊಂದಕ್ಕೆ ಒಂದೊಂದು ತೆರ. ಬಾಯಿ ಹೊಂದದ ಕಡೆ ಅಡಾಪ್ಟರು ಬೇಕು. ಆ ಅಡಾಪ್ಟರನ್ನು ಯಾರು ಮಾಡಿದರು, ಯಾರು ಪರೀಕ್ಷಿಸಿದರು, ಸುಟ್ಟರೆ ಯಾರು ಹೊಣೆ? ಈ ಪ್ರಶ್ನೆಗಳಿಗೆ ಅಂಗಡಿಯವನ ಉತ್ತರ ಒಂದೇ: 'ಏನೂ ಆಗೋಲ್ಲ ಸಾರ್, ತಗೊಂಡು ಹೋಗಿ.'

ಚಿತ್ರದುರ್ಗ ಜಿಲ್ಲೆಯನ್ನು ನೋಡಿದರೆ ಈ ಸಂಕಟ ಸ್ಪಷ್ಟವಾಗಿ ಕಾಣುತ್ತದೆ. ಬೆಂಗಳೂರಿನಿಂದ ಪುಣೆಯ ಕಡೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 48 ಈ ಜಿಲ್ಲೆಯನ್ನು ಹಿರಿಯೂರಿನಿಂದ ದುರ್ಗಕ್ಕೆ ಹಾದು ಹೋಗುತ್ತದೆ. ಹಿರಿಯೂರು ಬೆಂಗಳೂರಿಗೆ ಸುಮಾರು 160 ಕಿಲೋಮೀಟರು, ದುರ್ಗ ಸುಮಾರು 200. ಬೆಂಗಳೂರಿನಿಂದ ಹೊರಟ ವಿದ್ಯುತ್ ಕಾರು ಒಮ್ಮೆ ನಿಂತು ಉಸಿರು ಹಾಕಲೇಬೇಕಾದ ಅಂತರ ಇದು. ಆದ್ದರಿಂದ ಹೆದ್ದಾರಿಯ ಹೋಟೆಲುಗಳ ಅಂಗಳದಲ್ಲಿ ಶೀಘ್ರ ಚಾರ್ಜರುಗಳು ತಲೆಯೆತ್ತಿವೆ. ಕಾರಿನವರು ಇಡ್ಲಿ ತಿಂದು ಕಾಫಿ ಕುಡಿದು ಸ್ವಲ್ಪ ಹೊತ್ತು ಕಾಲಾಡಿಸಿ ಬರುವಷ್ಟರಲ್ಲಿ ಹುಬ್ಬಳ್ಳಿಯ ದಾರಿಗೆ ಬೇಕಾದಷ್ಟು ವಿದ್ಯುತ್ತು ತುಂಬಿರುತ್ತದೆ. ಅಲ್ಲಿಯ ಗನ್ನು ಅವರ ಕಾರಿನ ಬಾಯಿಗೆ ಸರಿಯಾಗಿ ಕೂಡುತ್ತದೆ. ಯಾವ ತೊಂದರೆಯೂ ಇಲ್ಲ.

ಹೆದ್ದಾರಿಯನ್ನು ಬಿಟ್ಟು ಹೊಳಲ್ಕೆರೆಯ ಕಡೆಗೋ ಹೊಸದುರ್ಗದ ಕಡೆಗೋ ತಿರುಗಿದಂತೆ ಈ ಅನುಕೂಲ ತೆಳುವಾಗುತ್ತ ಹೋಗುತ್ತದೆ. ಅಡಿಕೆ ತೆಂಗಿನ ತೋಟಗಳ ಈ ಸೀಮೆಯಲ್ಲಿ ಸ್ಕೂಟರು ಇಟ್ಟಿರುವ ಉಪಾಧ್ಯಾಯರು, ಬ್ಯಾಂಕಿನ ಗುಮಾಸ್ತರು, ಹಬ್ಬಕ್ಕೆ ಬೆಂಗಳೂರಿನಿಂದ ಕಾರಿನಲ್ಲಿ ಬರುವ ಮಕ್ಕಳು ಎಲ್ಲರೂ ನೆಚ್ಚಿರುವುದು ಮನೆಯ ಗೋಡೆಯ ಸಾಕೆಟ್ಟನ್ನು. ಆ ಮನೆ ಅಜ್ಜನ ಕಾಲದ್ದು. ವೈರಿಂಗು ತಂದೆಯ ಕಾಲದ್ದು. ಕಾರು ಮಾತ್ರ ಮೊನ್ನೆಯದು. ಈ ಮೂರು ತಲೆಮಾರುಗಳನ್ನು ಒಂದುಗೂಡಿಸುವ ಕೆಲಸ ಅಡಾಪ್ಟರಿನ ಪಾಲಿಗೆ ಬಂದಿದೆ. ಜಿಲ್ಲೆಯ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಹಗಲಿರುಳು ತಿರುಗಿ ವಿದ್ಯುತ್ತು ಹುಟ್ಟಿಸಿ ನಾಡಿಗೆ ಕಳುಹಿಸುತ್ತಿವೆ. ಅದೇ ಗುಡ್ಡದ ಕೆಳಗಿನ ಮನೆಯಲ್ಲಿ ಅದನ್ನು ಕ್ಷೇಮವಾಗಿ ಹಿಡಿದುಕೊಳ್ಳುವ ಸಾಕೆಟ್ಟಿಲ್ಲ. ಹಾದು ಹೋಗುವವರಿಗೆ ಗನ್ನು, ಊರಿನಲ್ಲಿ ಇರುವವರಿಗೆ ಅಡಾಪ್ಟರು. ಇದು ಯಾವ ನ್ಯಾಯ?

ಬರಿಯ ಆವೇಶ ಬೇಡ, ಲೆಕ್ಕ ನೋಡೋಣ. ಬಳಕೆಯಲ್ಲಿರುವ ಅಪಾಯದ ಅಡಾಪ್ಟರುಗಳಲ್ಲಿ ಮೊದಲನೆಯದು ದೊಡ್ಡ ಪ್ಲಗ್ಗನ್ನು ಸಣ್ಣ ಸಾಕೆಟ್ಟಿಗೆ ಸೇರಿಸುವುದು. ಕಾರಿನ ಜತೆಗೆ ಬರುವ ಸಾಮಾನ್ಯ ಚಾರ್ಜರಿನ ಶಕ್ತಿ ಸುಮಾರು 3.3 ಕಿಲೋವ್ಯಾಟ್. 230 ವೋಲ್ಟಿನಲ್ಲಿ ಅದು ಎಳೆಯುವುದು 14 ಆಂಪಿಯರಿಗೂ ಮೇಲೆ. ಅದರ ಪ್ಲಗ್ಗು 16 ಆಂಪಿಯರಿನದು; ಕಡ್ಡಿಗಳು ದಪ್ಪ. ಮನೆಯ ಪಡಸಾಲೆಯಲ್ಲಿರುವುದು 6 ಆಂಪಿಯರಿನ ಸಾಕೆಟ್ಟು. ಅದು ರೇಡಿಯೋಗೆ, ಫ್ಯಾನಿಗೆ, ಇಸ್ತ್ರಿಪೆಟ್ಟಿಗೆಗೆ ಹಾಕಿದ್ದು. ದಪ್ಪ ಕಡ್ಡಿ ಸಣ್ಣ ತೂತಿಗೆ ಹೋಗದಂತೆ ಮಾಡಿದವನು ದಡ್ಡನಾಗಿರಲಿಲ್ಲ. 'ಇದು ನಿನ್ನ ಜಾಗವಲ್ಲ' ಎಂದು ಅವನು ಲೋಹದಲ್ಲಿಯೇ ಬರೆದಿಟ್ಟಿದ್ದ. ಅಡಾಪ್ಟರು ಆ ಬರಹವನ್ನು ಅಳಿಸಿಹಾಕುತ್ತದೆ.

ಆಮೇಲೆ ಏನಾಗುತ್ತದೆ? ಎರಡು ಲೋಹಗಳು ಸೇರುವ ಸಂದಿನಲ್ಲಿ ಅಲ್ಪಸ್ವಲ್ಪ ರೋಧ ಇದ್ದೇ ಇರುತ್ತದೆ. ಅಗ್ಗದ, ಸಡಿಲವಾದ ಅಡಾಪ್ಟರಿನಲ್ಲಿ ಅದು ಒಂದು ಓಮಿನ ಹತ್ತನೆಯ ಒಂದು ಭಾಗವೆಂದು ಇಟ್ಟುಕೊಳ್ಳಿ. ಹುಟ್ಟುವ ಬಿಸಿ ಆಂಪಿಯರಿನ ವರ್ಗಕ್ಕೆ ತಕ್ಕಂತೆ ಏರುತ್ತದೆ ಎಂಬುದು ಹೈಸ್ಕೂಲಿನ ಪಾಠ. 6 ಆಂಪಿಯರು ಹರಿದರೆ ಆ ಸಂದಿನಲ್ಲಿ ಹುಟ್ಟುವುದು 3.6 ವ್ಯಾಟ್, ಕೈಗೆ ಬೆಚ್ಚಗೆ ತಾಗೀತು, ಅಷ್ಟೆ. 14 ಆಂಪಿಯರು ಹರಿದರೆ ಸುಮಾರು 20 ವ್ಯಾಟ್. ರೇಡಿಯೋ ರಿಪೇರಿಯವನು ಸೀಸ ಕರಗಿಸಲು ಬಳಸುವ ಬೆಸುಗೆ ಕಡ್ಡಿ 25 ವ್ಯಾಟಿನದು. ಅಂದರೆ ಹೆಚ್ಚು ಕಡಮೆ ಒಂದು ಬೆಸುಗೆ ಕಡ್ಡಿಯನ್ನು ಪ್ಲಾಸ್ಟಿಕ್ಕಿನೊಳಗೆ ಹುದುಗಿಸಿ ರಾತ್ರಿಯೆಲ್ಲ ಉರಿಯಲು ಬಿಟ್ಟು ನಾವು ಮಲಗುತ್ತೇವೆ. ಸ್ನಾನದ ಗೀಸರೂ ದೊಡ್ಡ ಪ್ಲಗ್ಗಿನದೇ. ಆದರೆ ಅದು ಕಾಲು ಗಂಟೆಯಲ್ಲಿ ಆರಿ ಹೋಗುತ್ತದೆ. ಕಾರು ಎಂಟು ಗಂಟೆ ಎಳೆಯುತ್ತದೆ.

'ಎಂ.ಸಿ.ಬಿ. ಇದೆಯಲ್ಲ, ಬಿದ್ದುಹೋಗುತ್ತದೆ' ಎನ್ನುವವರುಂಟು. ಎಂ.ಸಿ.ಬಿ. ಎಣಿಸುವುದು ಹರಿಯುವ ಆಂಪಿಯರನ್ನು, ಸಂದಿನ ಬಿಸಿಯನ್ನಲ್ಲ. 16 ಆಂಪಿಯರಿನ ಎಂ.ಸಿ.ಬಿ.ಗೆ 14 ಎಂಬುದು ತಪ್ಪಾಗಿ ಕಾಣುವುದೇ ಇಲ್ಲ. ಗೋಡೆಯೊಳಗಿನ ತಂತಿಯಾದರೂ ತಡೆಯುತ್ತದೆಯೆ? ಸಣ್ಣ ಸಾಕೆಟ್ಟಿಗೆ ಎಳೆದಿರುವುದು ಸಾಮಾನ್ಯವಾಗಿ 1 ಅಥವಾ 1.5 ಚದರ ಮಿಲಿಮೀಟರಿನ ತಂತಿ. ಪವರ್ ಪ್ಲಗ್ಗಿಗೆ ಬೇಕಾದದ್ದು 2.5 ಅಥವಾ 4. ಪುಣ್ಯಕ್ಕೆ, ಸ್ಕೂಟರಿನ ಚಾರ್ಜರುಗಳಲ್ಲಿ ಬಹಳಷ್ಟು 750 ವ್ಯಾಟಿನ ಆಸುಪಾಸಿನವು. ಮೂರು ನಾಲ್ಕು ಆಂಪಿಯರಿನಲ್ಲಿ ಅವುಗಳ ಹೊಟ್ಟೆ ತುಂಬುತ್ತದೆ. ಸ್ಕೂಟರಿಗೆ ಏನೂ ಆಗಲಿಲ್ಲವೆಂಬ ಧೈರ್ಯದ ಮೇಲೆ ಅದೇ ಸಾಕೆಟ್ಟಿಗೆ ಕಾರನ್ನು ಸಿಕ್ಕಿಸಿದಾಗಲೇ ಅನಾಹುತಕ್ಕೆ ದಾರಿ.

ಎರಡನೆಯದು ಇದಕ್ಕಿಂತ ಕೆಟ್ಟದ್ದು. ಕೆಟ್ಟದ್ದೇಕೆಂದರೆ ಅದು ಕಣ್ಣಿಗೆ ಕಾಣುವುದಿಲ್ಲ. ವಿದ್ಯುತ್ ವಾಹನದ ಚಾರ್ಜರು ಕೆಲಸ ಆರಂಭಿಸುವ ಮುನ್ನ ಭೂಸಂಪರ್ಕ, ಅಂದರೆ ಅರ್ಥಿಂಗ್, ಸರಿಯಾಗಿದೆಯೇ ಎಂದು ನೋಡುತ್ತದೆ. ಸರಿಯಿಲ್ಲದಿದ್ದರೆ ಕೆಂಪು ದೀಪ ಹಚ್ಚಿ ಮುಷ್ಕರ ಹೂಡುತ್ತದೆ. ದುರ್ಗದ ಸೀಮೆಯಲ್ಲಿ ಈ ಕೆಂಪು ದೀಪಕ್ಕೆ ಕಾರಣ ನೆಲದಲ್ಲೇ ಇದೆ. ಇದು ಬಂಡೆಯ ನಾಡು; ಮಳೆ ಕಡಮೆಯ ನಾಡು. ಒಣಗಿದ ನೆಲ ವಿದ್ಯುತ್ತನ್ನು ಒಳಕ್ಕೆ ಬಿಟ್ಟುಕೊಳ್ಳದು. ಹಿಂದಿನವರು ಗುಂಡಿ ತೋಡಿ, ಇದ್ದಿಲು ಉಪ್ಪು ಪದರ ಪದರವಾಗಿ ತುಂಬಿ, ಬೇಸಗೆಯಲ್ಲಿ ಕೊಡ ನೀರು ಸುರಿಯುತ್ತಿದ್ದುದು ಈ ಕಾರಣಕ್ಕೆ. ಈಗ ಆ ಗುಂಡಿಯ ಮೇಲೆ ಸಿಮೆಂಟು ಬಳಿದಿದ್ದೇವೆ. ತಂತಿ ಎಲ್ಲೋ ತುಕ್ಕು ಹಿಡಿದು ಹರಿದಿದೆ.

ಸರಿಯಾದ ಉಪಾಯವೆಂದರೆ ಗುಂಡಿಯನ್ನು ದುರಸ್ತಿ ಮಾಡಿಸುವುದು. ಸುಲಭದ ಉಪಾಯವೆಂದರೆ ಪ್ಲಗ್ಗಿನೊಳಗೆ ಅಥವಾ ನಡುವಿನ ಅಡಾಪ್ಟರಿನೊಳಗೆ ನ್ಯೂಟ್ರಲ್ ಮತ್ತು ಅರ್ಥ್ ಕಡ್ಡಿಗಳನ್ನು ಒಂದು ತುಂಡು ತಂತಿಯಿಂದ ಜೋಡಿಸಿಬಿಡುವುದು. ಕೆಂಪು ದೀಪ ತಕ್ಷಣ ಹಸಿರಾಗುತ್ತದೆ. ಮನೆಯವರು ವೈರ್‌ಮನ್ನನ ಜಾಣ್ಮೆಯನ್ನು ಹೊಗಳಿ ಕಾಫಿ ಕೊಡುತ್ತಾರೆ. ಆತ ಮಾಡಿದ್ದೇನು? ಕಾವಲುಗಾರನ ಬಾಯಿಗೆ ಬಟ್ಟೆ ತುರುಕಿ, 'ಈಗ ಅವನು ಕೂಗುತ್ತಿಲ್ಲ, ಆದ್ದರಿಂದ ಕಳ್ಳನಿಲ್ಲ' ಎಂದು ಸಾಧಿಸಿದ. ಹಳೆಯ ಮನೆಗಳಲ್ಲಿ ಸಾಕೆಟ್ಟಿನ ಫೇಸು ನ್ಯೂಟ್ರಲ್ಲುಗಳು ಅದಲುಬದಲಾಗಿರುವುದು ಅಪರೂಪವಲ್ಲ. ಅಂಥ ಕಡೆ ಈ ಜೋಡಣೆಯ ಪ್ಲಗ್ಗನ್ನು ಸಿಕ್ಕಿಸಿದರೆ ವಾಹನದ ಲೋಹದ ಮೈಯೆಲ್ಲ 230 ವೋಲ್ಟಿನ ತಂತಿಯಾಗುತ್ತದೆ. ಅದಲುಬದಲು ಇಲ್ಲದಿದ್ದರೂ ಹೊರಗೆಲ್ಲಾದರೂ ನ್ಯೂಟ್ರಲ್ ಕಡಿದರೆ ಗತಿ ಅದೇ. ವಾಹನದ ಗಾಲಿ ರಬ್ಬರಿನದು. ಆದ್ದರಿಂದ ಅದು ಸುಮ್ಮನೆ ನಿಂತಿರುತ್ತದೆ, ಏನೂ ಆಗದಂತೆ. ಬರಿಗಾಲಿನಲ್ಲಿ ಅಂಗಳಕ್ಕೆ ನೀರು ಹಾಕುತ್ತ ಬಂದ ಹೆಣ್ಣುಮಗಳೋ, ಚೆಂಡು ಹುಡುಕಿಕೊಂಡು ಬಂದ ಮಗುವೋ ಮುಟ್ಟುವವರೆಗೆ. ಮನೆಯಲ್ಲಿ 30 ಮಿಲಿ ಆಂಪಿಯರಿನ ಸೋರಿಕೆಗೇ ವಿದ್ಯುತ್ತನ್ನು ಕಡಿಯುವ ಆರ್.ಸಿ.ಸಿ.ಬಿ. ಇದ್ದರೆ ಈ ಮೋಸವನ್ನು ಅದು ಸಾಮಾನ್ಯವಾಗಿ ಹಿಡಿದುಕೊಡುತ್ತದೆ. ಆಗ ಏನು ಮಾಡುತ್ತಾರೆ ಬಲ್ಲಿರಾ? 'ಪದೇ ಪದೇ ಬೀಳುತ್ತದೆ' ಎಂದು ಅದನ್ನೂ ಕಿತ್ತುಹಾಕಿಸುತ್ತಾರೆ.

ಮೂರನೆಯದು ಹೊಸ ಕಾಲದ ಜಾಣತನ. ಕಾರುಗಳಿಗೆಂದು ನೆಟ್ಟ ಎ.ಸಿ. ಚಾರ್ಜರಿನ ತುದಿಯಲ್ಲಿರುವುದು 'ಟೈಪ್ 2' ಎಂಬ ಗನ್ನು. ಅದಕ್ಕೆ ಏಳು ಕಡ್ಡಿಗಳು. ಐದು ವಿದ್ಯುತ್ತಿನವು: ಮೂರು ಫೇಸು, ಒಂದು ನ್ಯೂಟ್ರಲ್, ಒಂದು ಭೂಸಂಪರ್ಕ. ಉಳಿದೆರಡು ಮಾತಿನವು. ಈ ಎರಡರ ಮೂಲಕ ಚಾರ್ಜರು ಕಾರಿನೊಡನೆ ಸಂಭಾಷಿಸುತ್ತದೆ: ಕಾರು ಇದೆಯೇ, ಸಿದ್ಧವಾಗಿದೆಯೇ, ಎಷ್ಟು ಆಂಪಿಯರು ತೆಗೆದುಕೊಳ್ಳಬಹುದು. ಕಾರು 'ಸಿದ್ಧ' ಎನ್ನುವವರೆಗೆ ಗನ್ನಿನಲ್ಲಿ ವಿದ್ಯುತ್ತೇ ಇರುವುದಿಲ್ಲ. ಮಗು ಬೆರಳಿಟ್ಟರೂ ಭಯವಿಲ್ಲ. ಅಷ್ಟು ಯೋಚಿಸಿ ಮಾಡಿದ ವ್ಯವಸ್ಥೆ. ಈಗ ಪೇಟೆಯಲ್ಲಿ ಒಂದು ಅಡಾಪ್ಟರು ಸಿಕ್ಕುತ್ತದೆ. ಅದರ ಒಂದು ಕಡೆ ಟೈಪ್ 2, ಇನ್ನೊಂದು ಕಡೆ ಮನೆಯ 16 ಆಂಪಿಯರಿನ ಸಾಕೆಟ್ಟು. ಒಳಗೆ ಪುಟ್ಟದೊಂದು ರೋಧಕವನ್ನು ಇಟ್ಟು, 'ನಾನೇ ಕಾರು, ಸಿದ್ಧನಾಗಿದ್ದೇನೆ' ಎಂದು ಚಾರ್ಜರಿಗೆ ಸುಳ್ಳು ಹೇಳಿಸುತ್ತಾರೆ. ಸ್ಕೂಟರಿನವರು ಇದನ್ನು ಕೊಂಡು ಕಾರಿನ ಚಾರ್ಜರಿನಿಂದ ತಮ್ಮ ಕೆಲಸ ಮಾಡಿಕೊಳ್ಳುತ್ತಾರೆ.

ಸುಳ್ಳಿನ ಬೆಲೆ ಏನು? ವಾಹನವಿಲ್ಲದಿದ್ದರೂ ಸಾಕೆಟ್ಟಿನಲ್ಲಿ ವಿದ್ಯುತ್ತು ನಿಂತಿರುತ್ತದೆ, ಮಳೆಯಲ್ಲಿಯೂ. 7.4 ಕಿಲೋವ್ಯಾಟಿನ ಚಾರ್ಜರು 32 ಆಂಪಿಯರನ್ನು ಕೊಡಬಲ್ಲದು. ಅದರ ಕಾವಲೂ ಅಷ್ಟಕ್ಕೇ ಇರುವುದು. ಆ ಕಾವಲಿನ ಮುಂದೆ 16 ಆಂಪಿಯರಿನ ಸಾಕೆಟ್ಟನ್ನು ತಂದು ನಿಲ್ಲಿಸಿದರೆ, 16ರಿಂದ 32ರವರೆಗೆ ಏನು ಹರಿದರೂ ಕೇಳುವವರಿಲ್ಲ. ಅದಕ್ಕೊಂದು ಎಕ್ಸ್‌ಟೆನ್ಷನ್ ಬೋರ್ಡು ಹಾಕಿ ನಾಲ್ಕು ಗಾಡಿಗಳನ್ನು ಸಾಲಾಗಿ ನಿಲ್ಲಿಸಿದರೆ ಮುಗಿಯಿತು.

ಶೀಘ್ರ ಚಾರ್ಜರಿನ ಡಿ.ಸಿ. ವಿದ್ಯುತ್ತಿಗೆ ಪರೀಕ್ಷೆಯಿಲ್ಲದ ಅಡಾಪ್ಟರು ಹಾಕುವುದಂತೂ ಹುಚ್ಚು ಸಾಹಸ. ನಮ್ಮ ಮನೆಯ ಎ.ಸಿ. ವಿದ್ಯುತ್ತು ಸೆಕೆಂಡಿಗೆ ನೂರು ಸಲ ಸೊನ್ನೆಗೆ ಇಳಿಯುತ್ತದೆ; ಕಿಡಿ ಹಾರಿದರೂ ಆರಲು ಅದಕ್ಕೊಂದು ಬಿಡುವು ಸಿಕ್ಕುತ್ತದೆ. ಡಿ.ಸಿ.ಗೆ ಆ ಬಿಡುವಿಲ್ಲ. ನೂರಾರು ವೋಲ್ಟಿನ ಡಿ.ಸಿ. ಹರಿಯುತ್ತಿರುವಾಗ ಸಂದು ಸಡಿಲವಾಗಿ ಕಳಚಿದರೆ ಕಿಡಿ ಜ್ವಾಲೆಯಾಗಿ ನಿಲ್ಲುತ್ತದೆ. ಅದಕ್ಕೇ ಗನ್ನಿಗೆ ಬೀಗವಿಟ್ಟಿದ್ದಾರೆ, ಬಿಸಿಯನ್ನು ಅಳೆಯುವ ಸಂವೇದಕವನ್ನೂ ಇಟ್ಟಿದ್ದಾರೆ. ನಡುವೆ ಅಡಾಪ್ಟರು ಬಂದರೆ ಗನ್ನಿನ ಬೀಗ ಅಡಾಪ್ಟರನ್ನು ಹಿಡಿದುಕೊಂಡಿರುತ್ತದೆ. ಗನ್ನಿನ ಸಂವೇದಕ ಅಡಾಪ್ಟರಿನ ಈಚೆಯ ಸಂದನ್ನು ನೋಡುತ್ತಿರುತ್ತದೆ. ಆಚೆಯ ಸಂದು, ಕಾರಿನ ಬಾಯಿ, ಅದರ ಕಣ್ಣಿಗೆ ಬೀಳುವುದಿಲ್ಲ.

ದುರ್ಗದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಏಳು ಸುತ್ತಿನ ಕೋಟೆಗೆ ಹೈದರನ ಸೈನಿಕರು ನುಗ್ಗಲು ನೋಡಿದ್ದು ಹೆಬ್ಬಾಗಿಲಿನಿಂದಲ್ಲ, ಒಂದು ಕಿಂಡಿಯಿಂದ, ಎಂಬ ಕಥೆಯನ್ನು ಅವರು ತೊಟ್ಟಿಲಲ್ಲೇ ಕೇಳಿದ್ದಾರೆ. ಎಷ್ಟು ಸುತ್ತು ಕಟ್ಟಿದ್ದೇವೆ ಎಂಬುದಲ್ಲ, ಕಿಂಡಿ ಎಲ್ಲಿದೆ ಎಂಬುದು ಮುಖ್ಯ. ಆ ಕಿಂಡಿಯಲ್ಲಿ ಒನಕೆ ಹಿಡಿದು ಓಬವ್ವ ನಿಂತಿದ್ದಳು. ಈ ಕಿಂಡಿಯಲ್ಲಿ ಯಾರು ನಿಂತಿದ್ದಾರೆ?

ಇಲ್ಲಿ ಒಂದು ಅಪಾರ್ಥವನ್ನು ನಿವಾರಿಸಬೇಕು. ಅಡಾಪ್ಟರನ್ನು ಕೊಂಡವನನ್ನು ಬೈಯುವುದು ಈ ಲೇಖನದ ಉದ್ದೇಶವಲ್ಲ. ಅವನು ಅದನ್ನು ಚಟಕ್ಕೆ ಕೊಂಡಿಲ್ಲ. ಊರು ಸೇರಬೇಕಾಗಿತ್ತು, ಕೊಂಡ. ಹೊಂದದ ಎರಡು ಬಾಯಿಗಳನ್ನು ಅವನ ಮುಂದೆ ಇಟ್ಟು, 'ಇವೆರಡನ್ನೂ ನೀನೇ ಹೊಂದಿಸಿಕೊ' ಎಂದವರು ಯಾರು? ಆ ಚರಿತ್ರೆಯನ್ನು ಸ್ವಲ್ಪ ನೋಡೋಣ.

2001ರಲ್ಲಿ ಬೆಂಗಳೂರಿನ ರೇವಾ ಕಾರು ಮಾರಾಟಕ್ಕೆ ಬಂದಾಗ ಈ ಗೊಂದಲವಿರಲಿಲ್ಲ. ಮನೆಯ 15 ಆಂಪಿಯರಿನ ಸಾಕೆಟ್ಟೇ ಅದಕ್ಕೆ ಸಾಕಾಗಿತ್ತು. 2017ರಲ್ಲಿ ಕರ್ನಾಟಕ ದೇಶದಲ್ಲೇ ಮೊದಲಾಗಿ ವಿದ್ಯುತ್ ವಾಹನ ನೀತಿಯನ್ನು ಹೊರಡಿಸಿತು. ಅದೇ ವರ್ಷ ಕೇಂದ್ರ 'ಭಾರತ್ ಎ.ಸಿ.-001', 'ಭಾರತ್ ಡಿ.ಸಿ.-001' ಎಂಬ ಎರಡು ಚಾರ್ಜರುಗಳನ್ನು ಗೊತ್ತುಮಾಡಿತು. ಮೊದಲನೆಯದಕ್ಕೆ ಕಾರ್ಖಾನೆಯಲ್ಲಿ ಬಳಸುವ ಪ್ಲಗ್ಗಿನ ಮಾದರಿ. ಎರಡನೆಯದಕ್ಕೆ ಚೀನಾ ದೇಶದ ಗನ್ನಿನ ಮಾದರಿ. ಆಗಿನ ಸಣ್ಣ ಬ್ಯಾಟರಿಗಳಿಗೆ ಅವು ಸರಿಹೋಗಿದ್ದವು. ಹೊಸ ಕಾರುಗಳು ಬರುತ್ತಲೂ ಐರೋಪ್ಯರ 'ಸಿ.ಸಿ.ಎಸ್. 2' ಬಂತು. 2018ರ ಡಿಸೆಂಬರಿನಲ್ಲಿ ಕೇಂದ್ರದ ವಿದ್ಯುತ್ ಸಚಿವಾಲಯ, ಸಾರ್ವಜನಿಕ ಚಾರ್ಜಿಂಗ್ ನಿಲ್ದಾಣದಲ್ಲಿ ಐರೋಪ್ಯರದು, ಜಪಾನರ 'ಚಾಡೆಮೊ', ಟೈಪ್ 2, ಭಾರತದ ಎರಡು, ಹೀಗೆ ಎಲ್ಲವೂ ಇರಬೇಕೆಂದಿತು. 2019ರ ಅಕ್ಟೋಬರಿನಲ್ಲಿ, ನಿಲ್ದಾಣದವರು ತಮಗೆ ಬೇಕಾದದ್ದನ್ನು ಆರಿಸಿಕೊಳ್ಳಬಹುದೆಂದು ಸಡಿಲಿಸಿತು. ಎರಡು ವರ್ಷಗಳಲ್ಲಿ ಮೂರು ಮಾತು. ಕೊನೆಗೆ ಕಾರುಗಳ ಮಟ್ಟಿಗೆ ಸಿ.ಸಿ.ಎಸ್. 2 ತಾನಾಗಿ ನೆಲೆಯೂರಿತು. ಅಮೆರಿಕದಲ್ಲಿ ತನ್ನದೇ ಬೇರೆ ಗನ್ನನ್ನು ಬಳಸುವ ಟೆಸ್ಲಾ ಕಂಪನಿಯೂ 2025ರಲ್ಲಿ ನಮ್ಮ ದೇಶಕ್ಕೆ ಬಂದಾಗ ಇದನ್ನೇ ಇಟ್ಟುಕೊಂಡು ಬಂತು.

ಬಡಪಾಯಿಯಾದದ್ದು ಸ್ಕೂಟರು. ದೇಶದಲ್ಲಿ ಅತಿ ಹೆಚ್ಚು ಓಡಾಡುವುದು ಎರಡು ಗಾಲಿಯ ಗಾಡಿ. ಅದರ ಶೀಘ್ರ ಚಾರ್ಜಿಂಗಿಗೆ ಬಹುಕಾಲ ಒಂದೊಂದು ಕಂಪನಿಗೆ ಒಂದೊಂದು ಬಾಯಿ. 2021ರಲ್ಲಿ ಬೆಂಗಳೂರಿನ ಏಥರ್ ಕಂಪನಿ ತನ್ನ ಕನೆಕ್ಟರಿನ ವಿನ್ಯಾಸವನ್ನು ಇತರರೂ ಬಳಸಬಹುದೆಂದು ತೆರೆದಿಟ್ಟಿತು. 2023ರಲ್ಲಿ ಭಾರತೀಯ ಮಾನಕ ಸಂಸ್ಥೆ ಅದನ್ನು ಐ.ಎಸ್. 17017ರ ಒಂದು ಭಾಗವಾಗಿ ಅಂಗೀಕರಿಸಿತು. ಇದು ಮೆಚ್ಚಬೇಕಾದ ಕೆಲಸ. ಆದರೆ ಅದಕ್ಕೆ ಮೊದಲೇ ಹಗುರ ವಾಹನಗಳ ಡಿ.ಸಿ. ಚಾರ್ಜಿಂಗಿಗೆ ಅದೇ ಮಾನಕದ ಇನ್ನೊಂದು ಭಾಗ ಬೇರೊಂದು ಕನೆಕ್ಟರನ್ನು ಹೇಳಿತ್ತು. ಒಂದು ಮಾನಕವಿರಬೇಕಾದ ಕಡೆ ಎರಡು! ಎತ್ತು ಏರಿಗೆ, ಕೋಣ ನೀರಿಗೆ. ನಡುವೆ ಹೊಳಲ್ಕೆರೆಯ ಮೇಷ್ಟರು ಅಡಾಪ್ಟರು ಹಿಡಿದು ನಿಂತಿದ್ದಾರೆ.

ನಮ್ಮ ಹಿರಿಯರು ಇಂಥದೇ ಒಂದು ಅವ್ಯವಸ್ಥೆಯನ್ನು ರೈಲಿನಲ್ಲಿ ಕಂಡಿದ್ದರು. ಈ ಸೀಮೆಯ ಹಳಿ ಮೀಟರ್ ಗೇಜ್, ಅಗಲ 1000 ಮಿಲಿಮೀಟರ್. ಬೆಂಗಳೂರಿನಿಂದ ಮದರಾಸಿಗೆ ಬ್ರಾಡ್ ಗೇಜ್, 1676 ಮಿಲಿಮೀಟರ್. ಹಳಿ ಬದಲಾದಲ್ಲಿ ಮೂಟೆಗಳನ್ನು ಇಳಿಸಿ, ಮತ್ತೆ ಹೇರಿ, ಕೂಲಿ ಕೊಟ್ಟು, ಕಾಲ ಕಳೆದು ಸಾಕಾಗುತ್ತಿತ್ತು. ಆದರೂ ಅಲ್ಲಿ ಒಂದು ಸುಖವಿತ್ತು: ಹಳಿ ಹೊಂದದಿದ್ದರೆ ರೈಲು ಮುಂದಕ್ಕೇ ಹೋಗುತ್ತಿರಲಿಲ್ಲ. ತಪ್ಪು ತಾನಾಗಿ ನಿಲ್ಲುತ್ತಿತ್ತು. ವಿದ್ಯುತ್ತಿನಲ್ಲಿ ಆ ಸುಖವಿಲ್ಲ. ಹೊಂದದಿದ್ದರೂ ಅದು ಹರಿಯುತ್ತದೆ; ಲೋಹಕ್ಕೆ ಲೋಹ ತಾಗಿದರೆ ಸಾಕು. ಆದ್ದರಿಂದಲೇ ತಡೆಯುವ ಕೆಲಸವನ್ನು ಮನುಷ್ಯರು ಮಾಡಬೇಕು. ಐರೋಪ್ಯ ಒಕ್ಕೂಟ 2014ರಲ್ಲಿ ಜರ್ಮನಿಯಲ್ಲಿ ಹುಟ್ಟಿದ ಟೈಪ್ 2ನ್ನೇ ಎಲ್ಲ ದೇಶಗಳ ಸಾರ್ವಜನಿಕ ಎ.ಸಿ. ಚಾರ್ಜರಿಗೂ ಗೊತ್ತುಮಾಡಿತು. ಬೇರೆ ಕನೆಕ್ಟರನ್ನು ಬೆಂಬಲಿಸಿದ್ದ ಫ್ರಾನ್ಸ್, ಇಟಲಿಗಳೂ ಒಪ್ಪಿದವು. ಗರ್ವದ ಆ ದೇಶಗಳಿಗೆ ಸಾಧ್ಯವಾದದ್ದು ನಮ್ಮ ನಾಲ್ಕಾರು ಸ್ಕೂಟರು ಕಂಪನಿಗಳಿಗೆ ಏಕೆ ಸಾಧ್ಯವಾಗದು?

ಇನ್ನು ಆಕ್ಷೇಪಣೆಗಳು. 'ಇಷ್ಟು ಜನ ಬಳಸುತ್ತಿದ್ದಾರೆ, ಇದುವರೆಗೆ ಏನೂ ಆಗಿಲ್ಲ' ಎಂಬುದು ಮೊದಲನೆಯದು. ಇದಕ್ಕೆ ಉತ್ತರ ಹಿರಿಯೂರಿನ ಪಕ್ಕದಲ್ಲೇ ಇದೆ. ಮಾರಿಕಣಿವೆಯ ವಾಣಿವಿಲಾಸ ಸಾಗರವನ್ನು 1907ರಲ್ಲಿ ಕಟ್ಟಿ ಮುಗಿಸಿದರು. ಹೆಚ್ಚಾದ ನೀರು ಹರಿದು ಹೋಗಲು ಕೋಡಿಯನ್ನೂ ಕಟ್ಟಿದರು. 1933ರಲ್ಲಿ ಆ ಕೋಡಿ ಹರಿಯಿತು. ಆಮೇಲೆ ಅದು ಮತ್ತೆ ಹರಿದದ್ದು 2022ರಲ್ಲಿ, 89 ವರ್ಷಗಳ ಅನಂತರ. ಈ ನಡುವೆ ಯಾರಾದರೂ ಮಹಾನುಭಾವರು, 'ಇಷ್ಟು ವರ್ಷದಿಂದ ಒಂದು ತೊಟ್ಟೂ ಹರಿದಿಲ್ಲ, ಕೋಡಿಯೇಕೆ, ಮುಚ್ಚಿಬಿಡಿ' ಎಂದಿದ್ದರೆ? ಬರದ ನಾಡಿನಲ್ಲಿ ಆ ಮಾತಿಗೆ ಚಪ್ಪಾಳೆಯೂ ಬೀಳುತ್ತಿತ್ತು. 2022ರಲ್ಲಿ ನೀರು ಲೆಕ್ಕ ಕೇಳುತ್ತಿತ್ತು. ಏನೂ ಆಗದ ದಿನಗಳನ್ನು ಎಣಿಸಿ ಕ್ಷೇಮವನ್ನು ಅಳೆಯಬಾರದು. ಸ್ಕೂಟರುಗಳ ಬ್ಯಾಟರಿಯ ಕಥೆಯೂ ಅದೇ: 2022ರಲ್ಲಿ ದೇಶದ ಹಲವೆಡೆ ಗಾಡಿಗಳು ಹೊತ್ತಿ ಉರಿದ ಮೇಲೆ ಬ್ಯಾಟರಿಯ ಪರೀಕ್ಷೆಗಳನ್ನು ಬಿಗಿಗೊಳಿಸಿದರು. ಮನೆಗೆ ಬೆಂಕಿ ಬಿದ್ದ ಮೇಲೆ ಬಾವಿ ತೋಡುವ ಈ ಪದ್ಧತಿ ಅಡಾಪ್ಟರಿನ ವಿಷಯದಲ್ಲಾದರೂ ಬೇಡ.

ಎರಡನೆಯ ಆಕ್ಷೇಪಣೆ: 'ಬಡವರ ಮೇಲೆ ಹೊರೆ ಹಾಕಬೇಡಿ.' ಕೇಳಲು ಇಂಪಾದ ಮಾತು. ಆದರೆ ಲಕ್ಷಗಟ್ಟಲೆ ಕೊಟ್ಟು ಕಾರು ಕೊಂಡವರಿಗೆ ಕೆಲವು ಸಾವಿರದ ಪ್ರತ್ಯೇಕ ವೈರಿಂಗು ಹೊರೆಯಲ್ಲ. ಸಾಲ ಮಾಡಿ ಸ್ಕೂಟರು ಕೊಂಡ ಮಧ್ಯಮ ವರ್ಗದವನಿಗೆ ಅದು ಹೊರೆ ನಿಜ. ಹಾಗಿದ್ದರೆ ಆ ಹೊರೆಯನ್ನು ಗಾಡಿ ಮಾರಿದವರು ಹೊರಲಿ. ಬಡವನಿಗೆ ಅಗ್ಗದ ಔಷಧಿ ಕೊಡಿ ಎನ್ನುವುದು ದಯೆ. ಕಳಪೆ ಔಷಧಿ ಕೊಡಿ ಎನ್ನುವುದು ದಯೆಯಲ್ಲ.

ಮೂರನೆಯದು ಪಂಡಿತರ ವಾದ: 'ಕಟ್ಟುಪಾಡು ಹೆಚ್ಚಾದರೆ ಹೊಸ ಶೋಧನೆ ಸಾಯುತ್ತದೆ, ಯಾವ ದೇಶದಲ್ಲಿ ಅಡಾಪ್ಟರಿಲ್ಲ?' ಎಲ್ಲ ಕಡೆಯೂ ಇದೆ, ಒಪ್ಪಿದೆ. ಅಮೆರಿಕದಲ್ಲಿ 2023ರಿಂದೀಚೆಗೆ ಒಂದಾದ ಮೇಲೊಂದು ಕಾರು ಕಂಪನಿ ಟೆಸ್ಲಾದ ಗನ್ನಿಗೆ ಒಲಿದು, ಹಳೆಯ ಗ್ರಾಹಕರಿಗೆ ತಾನೇ ಪರೀಕ್ಷಿಸಿದ ಅಡಾಪ್ಟರನ್ನು ತನ್ನ ಹೆಸರಿನಲ್ಲೇ ಒದಗಿಸಿತು. ಅಡಾಪ್ಟರಿಗೆಂದೇ ಯು.ಎಲ್. 2252 ಎಂಬ ಪ್ರತ್ಯೇಕ ಮಾನಕವೂ ಬಂತು. ವಾಹನ ತಯಾರಕರೋ ಚಾರ್ಜರು ತಯಾರಕರೋ ಒಪ್ಪಿದ ಅಡಾಪ್ಟರನ್ನಲ್ಲದೆ ಬೇರೆಯದನ್ನು ಬಳಸಕೂಡದು, ಎಕ್ಸ್‌ಟೆನ್ಷನ್ ತಂತಿಯನ್ನು ಹಾಕಕೂಡದು ಎಂಬುದು ಅಂತರರಾಷ್ಟ್ರೀಯ ಮಾನಕದ ನಿಯಮ. ಅಡಾಪ್ಟರು ಪಾಪವಲ್ಲ, ಅನಾಥ ಅಡಾಪ್ಟರು ಪಾಪ. ಹೆಸರಿಲ್ಲದ್ದು, ಆಂಪಿಯರಿನ ಗುರುತಿಲ್ಲದ್ದು, ಸುಟ್ಟರೆ 'ನನ್ನದು' ಎನ್ನುವ ಗತಿಯಿಲ್ಲದ್ದು.

ಹಾಗಾದರೆ ಮಾಡಬೇಕಾದದ್ದೇನು? ದೊಡ್ಡ ಯೋಜನೆಗಳನ್ನು ನಾನು ಬೇಡುತ್ತಿಲ್ಲ. ಐ.ಎಸ್.ಐ. ಮುದ್ರೆಯಿಲ್ಲದ, ತಯಾರಕನ ಹೆಸರು ಮತ್ತು ಆಂಪಿಯರು ಅಚ್ಚಾಗಿಲ್ಲದ ಚಾರ್ಜಿಂಗ್ ಅಡಾಪ್ಟರನ್ನು ಅಂಗಡಿಯಲ್ಲಾಗಲಿ, ಮನೆ ಬಾಗಿಲಿಗೆ ಪಾರ್ಸಲ್ ಕಳುಹಿಸುವ ವ್ಯಾಪಾರದಲ್ಲಾಗಲಿ ಮಾರದಂತೆ ತಡೆಯಬೇಕು. ಅರ್ಥ್ ಕಡ್ಡಿಯನ್ನು ನ್ಯೂಟ್ರಲ್ಲಿಗೆ ಕಟ್ಟಿದ ಪ್ಲಗ್ಗನ್ನು ಮಾರಿದವನ ಮೇಲೆ ಮೊಕದ್ದಮೆ ಹೂಡಬೇಕು. ವಾಹನ ಮಾರುವವರು ಕೀಲಿಕೈ ಕೊಡುವ ಮುನ್ನ ಮನೆಯ ಸಾಕೆಟ್ಟನ್ನೂ ಭೂಸಂಪರ್ಕವನ್ನೂ ಪರೀಕ್ಷಿಸಿ ಬರೆದು ಕೊಡಬೇಕು. ರಾಜ್ಯದಲ್ಲಿ ಚಾರ್ಜಿಂಗ್ ವ್ಯವಸ್ಥೆಯ ಹೊಣೆಯನ್ನು ಸರಕಾರ ಒಪ್ಪಿಸಿರುವುದು ಬೆಸ್ಕಾಮಿಗೆ. ಚಿತ್ರದುರ್ಗ ಜಿಲ್ಲೆಗೆ ವಿದ್ಯುತ್ತು ಹಂಚುವುದೂ ಬೆಸ್ಕಾಮೇ. ಎರಡೂ ಒಂದೇ ಮನೆಯಲ್ಲಿರುವಾಗ ನೆವ ಹೇಳುವಂತಿಲ್ಲ. ಹೊಸದುರ್ಗ, ಹೊಳಲ್ಕೆರೆಗಳ ಬಸ್ ನಿಲ್ದಾಣ, ತಾಲ್ಲೂಕು ಕಚೇರಿ, ಮಾರುಕಟ್ಟೆಯ ಅಂಗಳಗಳಲ್ಲಿ ತನ್ನದೇ ಎಂ.ಸಿ.ಬಿ., ಆರ್.ಸಿ.ಸಿ.ಬಿ. ಮತ್ತು ಭೂಸಂಪರ್ಕವುಳ್ಳ 16 ಆಂಪಿಯರಿನ ಗಟ್ಟಿ ಸಾಕೆಟ್ಟುಗಳನ್ನು ಸಾಲಾಗಿ ಹಾಕಿಸಲಿ. ಸ್ಕೂಟರಿಗೆ ಅಷ್ಟೇ ಸಾಕು. ಅಡಾಪ್ಟರಿನ ಮಾತೇ ಏಳದು. ಶುಲ್ಕ ತೆಗೆದುಕೊಂಡು ಮನೆಗೆ ಬಂದು ಭೂಸಂಪರ್ಕವನ್ನು ಅಳೆದು ಹೇಳುವ ವ್ಯವಸ್ಥೆಯನ್ನೂ ಮಾಡಲಿ. ಹಗುರ ವಾಹನಗಳಿಗೆ ಎರಡು ಕನೆಕ್ಟರುಗಳಲ್ಲಿ ಒಂದನ್ನು ಆರಿಸಿ, ಒಂದು ತಾರೀಖನ್ನು ಗೊತ್ತುಮಾಡಿ, ಆ ದಿನದಿಂದ ಬೇರೆ ಬಾಯಿಯ ಗಾಡಿ ಹೊರಬರಕೂಡದೆಂದು ಕೇಂದ್ರ ಸರಕಾರ ಹೇಳಬೇಕು.

ಅದೆಲ್ಲ ಆಗುವವರೆಗೆ ವಾಚಕರು ಕೈಕಟ್ಟಿ ಕೂಡಬೇಕಾಗಿಲ್ಲ. ಕಾರಿಗೆ ಪ್ರತ್ಯೇಕ ತಂತಿ ಎಳೆಸಿ, 4 ಚದರ ಮಿಲಿಮೀಟರಿನದು. ಅದಕ್ಕೊಂದು ಸ್ವಂತ ಎಂ.ಸಿ.ಬಿ., 30 ಮಿಲಿ ಆಂಪಿಯರಿನ ಆರ್.ಸಿ.ಸಿ.ಬಿ., ನೀರು ಕಂಡ ಭೂಸಂಪರ್ಕದ ಗುಂಡಿ. ಚಾರ್ಜಿಗೆ ಹಾಕಿ ಅರ್ಧ ಗಂಟೆಯ ಮೇಲೆ ಸ್ವಿಚ್ಚು ಆರಿಸಿ ಪ್ಲಗ್ಗನ್ನು ಮುಟ್ಟಿ ನೋಡಿ. ಹಿಡಿಯಲಾಗದಷ್ಟು ಬಿಸಿಯಿದ್ದರೆ ಅಂದು ಚಾರ್ಜು ಬೇಡ. ಕೆಂಪು ದೀಪ ಬಂದರೆ ದೀಪವನ್ನು ಆರಿಸುವವನನ್ನಲ್ಲ, ಕಾರಣವನ್ನು ಹುಡುಕುವವನನ್ನು ಕರೆಯಿಸಿ. ಮುಂದಿನ ಸಲ ಅಂಗಡಿಯಲ್ಲಿ 'ಏನೂ ಆಗೋಲ್ಲ ಸಾರ್' ಎಂಬ ಮಾತು ಕೇಳಿದಾಗ, 'ಹಾಗೆಂದು ರಸೀದಿಯ ಮೇಲೆ ಬರೆದು ರುಜು ಹಾಕಿಕೊಡಪ್ಪ' ಎಂದು ಕೇಳಿ ನೋಡಿ. ಅವನು ಬರೆದುಕೊಟ್ಟರೆ ಕೊಳ್ಳಿ. ಬರೆಯದಿದ್ದರೆ, ಅವನು ನಂಬದ್ದನ್ನು ನೀವೇಕೆ ನಂಬಬೇಕು?